ಪಾತ್ರೆ ಸಾಮಾನಿನ ರಿವಾಲ್ವರ್

ಅಲ್ಲ, ಮೊದಲು ಬಲಿಯಾದದ್ದು ಕಾಫಿ ಫಿಲ್ಟರಿನ ಮುಚ್ಚಳವೇ ಇರಬೇಕು. ಸೈಕಲ್ ಬೆಲ್ಲಿನ ಸರದಿ ಆಮೇಲೆ ಬಂತು. ಅಥವಾ ಬೆಲ್ಲೇ ಮೊದಲೋ? ಈ ಕಥೆಯನ್ನು ಎಷ್ಟು ಮಂದಿಗೆ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ನಡೆದದ್ದಲ್ಲ, ಹೋದ ಸಲ ಹೇಳಿದ್ದು. ಒಂದು ಮಾತ್ರ ಖಚಿತ: ಇಡೀ ಶಿಡ್ಲಘಟ್ಟದಲ್ಲಿ ನನ್ನ ಚಿಕ್ಕಪ್ಪನಷ್ಟು ಭಯಂಕರ ಮನುಷ್ಯ ಇನ್ನೊಬ್ಬರಿರಲಿಲ್ಲ. ದಿಂಬಿನ ಪಕ್ಕದಲ್ಲಿ ರಿವಾಲ್ವರ್ ಇಟ್ಟುಕೊಂಡು ಮಲಗುತ್ತಿದ್ದವರು ಅವರೊಬ್ಬರೇ. ಬಚ್ಚಲಲ್ಲಿ ಜಿರಳೆ ಕಂಡರೆ ಮಾತ್ರ ಚಿಕ್ಕಮ್ಮನನ್ನು ಕೂಗುತ್ತಿದ್ದರು.

ಅವರು ದಿಬ್ಬೂರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ದುಬೈಯಿಂದ ರಜೆಗೆ ಬಂದ ಹಳೆಯ ಶಿಷ್ಯನೊಬ್ಬ ಎಲ್ಲರಿಗೂ ಅತ್ತರು ಹಂಚಿ, ಇವರ ಕೈಗೆ ಮಾತ್ರ ಏರ್‌ಸಾಫ್ಟ್ ರಿವಾಲ್ವರ್ ಇಟ್ಟ. ಬಟಾಣಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಸಾಮಾನು. ಚಿಕ್ಕಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದು ರಿವಾಲ್ವರ್ ಏನಪ್ಪ, ಸೋಪಿನ ಡಬ್ಬ. ಇದಕ್ಕೆ ಸ್ವಲ್ಪ ಮರ್ಯಾದೆ ಕೊಡಬೇಕು" ಎಂದರಂತೆ.

ಮರ್ಯಾದೆ ಎಂದರೆ ಲೋಹ. ಪ್ಲಾಸ್ಟಿಕ್ಕಿನ ಒಂದೊಂದೇ ಭಾಗ ಬಿಚ್ಚಿ, ಅದರ ಜಾಗಕ್ಕೆ ಹಿತ್ತಾಳೆಯದೋ ಸ್ಟೀಲಿನದೋ ಸ್ವಂತ ಕೈಯಾರೆ ಮಾಡಿ ಕೂರಿಸುವುದು. ಲೋಹ ಎಲ್ಲಿಂದ ಬರಬೇಕು? ಅಡುಗೆಮನೆಯಿಂದ. ನಾನಾಗ ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುತ್ತಿದ್ದೆ, ಭಾನುವಾರ ಊಟಕ್ಕೆ ಅವರ ಮನೆಗೆ ಹೋಗುತ್ತಿದ್ದೆ. ಪ್ರತಿ ಭಾನುವಾರವೂ ಏನಾದರೊಂದು ಕಾಣೆಯಾಗಿರುತ್ತಿತ್ತು.

"ಫಿಲ್ಟರ್ ಮುಚ್ಚಳ ಎಲ್ಲಿ?" ಎಂದರು ಚಿಕ್ಕಮ್ಮ ಒಂದು ದಿನ.

"ಅದು ಡ್ಯೂಟಿ ಮೇಲಿದೆ," ಎಂದರು ಚಿಕ್ಕಪ್ಪ, ಅರ ಉಜ್ಜುತ್ತಲೇ.

"ಹಂಗಾದ್ರೆ ಕಾಫಿ ರಜದ ಮೇಲಿದೆ. ನೀರು ಕುಡ್ಕೊಳಿ."

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಯಾರಿಗಾದರೂ ಪಾತ್ರೆ ಉಡುಗೊರೆ ಕೊಡುವುದಾದರೆ ಅದರ ಮೇಲೆ ಹೆಸರು ಕೊರೆಸದೆ ಕೊಡುವುದಿಲ್ಲ. ಚಿಂತಾಮಣಿಯ ಪಾತ್ರೆ ಅಂಗಡಿಗಳಲ್ಲಿ ದುಂಬಿಯಂತೆ ಗುಂಯ್‌ಗುಡುವ ಯಂತ್ರ ಹಿಡಿದು ಕೂತವರು ಕೊಟ್ಟವರ ಹೆಸರನ್ನು ತಟ್ಟೆ ಇರುವ ತನಕ ಉಳಿಯುವಂತೆ ಬರೆದುಬಿಡುತ್ತಾರೆ. ಹೀಗಾಗಿ ಚಿಕ್ಕಪ್ಪ ಯಾವ ಲೋಹ ಕತ್ತರಿಸಿದರೂ ಯಾರದೋ ಹೆಸರು ಜೊತೆಗೆ ಬರುತ್ತಿತ್ತು. ಅರದಿಂದ ನಾಲ್ಕು ಸಲ ಉಜ್ಜಿದ್ದರೆ ಅಳಿಸಿಹೋಗುತ್ತಿತ್ತು. ಅವರು ಅಳಿಸಲಿಲ್ಲ. "ಪ್ರೀತಿಯಿಂದ ಕೊಟ್ಟಿರ್ತಾರೆ, ಅವರ ಹೆಸರು ನಾನ್ಯಾಕೆ ಅಳಿಸಲಿ?" ಎನ್ನುತ್ತಿದ್ದರು. ತಟ್ಟೆಯನ್ನು ಕತ್ತರಿಸಲು ಅಡ್ಡಿಯಿಲ್ಲ, ಹೆಸರನ್ನು ಮಾತ್ರ ಮುಟ್ಟಬಾರದು! ಇದ್ಯಾವ ಗಣಿತವೋ.

ನಳಿಕೆಯ ಎಡಗಡೆ "ವೆಂಕಟಲಕ್ಷ್ಮಮ್ಮನವರ ಉಡುಗೊರೆ" ಎಂದಿತ್ತು. ಬಲಗಡೆ "ಶುಭವಿವಾಹ" ಎಂಬುದರಲ್ಲಿ "ಶುಭ" ಮಾತ್ರ ಉಳಿದಿತ್ತು, ವಿವಾಹ ಗುಂಡು ತುಂಬುವ ಗಾಲಿಯ ಅಡಿಗೆ ಹೋಗಿತ್ತು.

ಒಮ್ಮೆ ಅವರು ಇದನ್ನು ಊಟದ ಚೀಲದಲ್ಲಿ ಹಾಕಿಕೊಂಡು, ಚಿಂತಾಮಣಿಯ ಲೇತ್ ಅಂಗಡಿಯಲ್ಲಿ ಗಾಲಿ ನುಣುಪು ಮಾಡಿಸಲು ಬಸ್ಸು ಹತ್ತಿದರು. ಟಿಕೆಟ್ಟಿಗೆ ಚಿಲ್ಲರೆ ಹುಡುಕುವಾಗ ರಿವಾಲ್ವರ್ ಹೊರಗೆ ಇಣುಕಿತು. ಕಂಡಕ್ಟರು ಬಸ್ಸನ್ನು ನೇರವಾಗಿ ಪೊಲೀಸ್ ಸ್ಟೇಷನ್ನಿನ ಮುಂದೆ ನಿಲ್ಲಿಸಿಬಿಟ್ಟರು. ನಾನು ಅಲ್ಲಿರಲಿಲ್ಲ. ಚಿಕ್ಕಪ್ಪನ ಬಾಯಲ್ಲೇ ಮೂರು ನಾಲ್ಕು ತರಹ ಕೇಳಿದ್ದೇನೆ. ಒಂದರಲ್ಲಿ ಅವರಿಗೆ ಕುರ್ಚಿ ಕೊಡುತ್ತಾರೆ, ಇನ್ನೊಂದರಲ್ಲಿ ಕೊಡುವುದಿಲ್ಲ. ಮಾತುಕತೆ ಮಾತ್ರ ಎಲ್ಲದರಲ್ಲೂ ಇದೇ.

ಸಬ್ ಇನ್ಸ್‌ಪೆಕ್ಟರು ರಿವಾಲ್ವರನ್ನು ತಿರುಗಿಸಿ ಓದಿದರು. "ವೆಂಕಟಲಕ್ಷ್ಮಮ್ಮ ಯಾರ್ರೀ?"

"ನಮ್ಮ ಸೋದರತ್ತೆ ಸಾರ್. ಮದುವೇಲಿ ಕೊಟ್ಟಿದ್ದು."

"ಮದುವೇಲಿ ರಿವಾಲ್ವರ್ ಕೊಟ್ರಾ?"

"ಇಲ್ಲ ಸಾರ್, ತಟ್ಟೆ."

ಪರೀಕ್ಷೆಗೆಂದು ಒಂದು ಗುಂಡು ಹಾರಿಸಿದರು. ಇಷ್ಟೆಲ್ಲ ಲೋಹ ತುಂಬಿಕೊಂಡ ಮೇಲೆ ಬಡ ಸ್ಪ್ರಿಂಗಿಗೆ ಶಕ್ತಿ ಎಲ್ಲಿ? ಹಳದಿ ಗುಂಡು ನಳಿಕೆಯ ತುದಿಗೆ ಬಂದು, ಸ್ವಲ್ಪ ಯೋಚಿಸಿ, ಮೇಜಿನ ಮೇಲೆ ಬಿತ್ತು. ಪಕ್ಕದಲ್ಲಿದ್ದ ಪೇದೆ ತೆಲುಗಿನಲ್ಲಿ, "ಏಮ್ ಸಾರ್, ಇದಿ ಕಾಲ್ಚದು, ಉಮ್ಮುತುಂದಿ" ಎಂದ. ಸುಡೋದಿಲ್ಲ, ಉಗಿಯುತ್ತೆ ಅಂತ. "ಮನೇಲೇ ಇಟ್ಕೊಳಿ ಮೇಷ್ಟ್ರೇ, ಆಚೆ ತರಬೇಡಿ" ಎಂದು ಸಬ್ ಇನ್ಸ್‌ಪೆಕ್ಟರು ಕಳಿಸಿಕೊಟ್ಟರು. ಚಿಕ್ಕಪ್ಪನಿಗೆ ಕಿಂಚಿತ್ತೂ ಬೇಸರವಿಲ್ಲ. "ನಿಜವಾದ್ದು ಅಂದ್ಕೊಂಡ್ರು ಕಣೋ" ಎಂದು ವಾರವೆಲ್ಲ ಬೀಗಿದರು.

ಇನ್ನು ಉಳಿದದ್ದು ಹಿಡಿ ಒಂದೇ. ಅದಕ್ಕೂ ಹಿತ್ತಾಳೆಯ ಹೊದಿಕೆ ಬಂತು, ಎಲ್ಲಕ್ಕಿಂತ ಚೆಂದವಾಗಿ. ಆಶ್ಚರ್ಯವೆಂದರೆ ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

ಕೆಲವು ದಿನಗಳ ಮೇಲೆ ಬೀದಿಯಲ್ಲಿ ಕಲಾಯಿಯವನ ಕೂಗು ಕೇಳಿತು. ಚಿಕ್ಕಮ್ಮ ಅಟ್ಟ ಹತ್ತಿದರು. ಅಲ್ಲಿ ಅವರ ತಾಯಿಯ ಹಿತ್ತಾಳೆ ಚೆಂಬು ಇತ್ತು. ತಳ ತೂತು ಬಿದ್ದಿದ್ದರಿಂದ ಯಾವಾಗಲಾದರೂ ಬೆಸುಗೆ ಹಾಕಿಸಬೇಕೆಂದು ಎತ್ತಿಟ್ಟದ್ದು. ಆ ತಾಯಿ ತೀರಿಹೋದ ಮೇಲೆ ಚಿಕ್ಕಮ್ಮನ ಪಾಲಿಗೆ ಬಂದದ್ದು ಅದೊಂದೇ. ಫೋಟೋ ಕೂಡ ಇರಲಿಲ್ಲ. ಚೆಂಬಿನ ಹೊಟ್ಟೆಯ ಮೇಲೆ, ಯಂತ್ರ ಬರುವುದಕ್ಕೂ ಮುಂಚಿನ ಕಾಲದಲ್ಲಿ ಉಳಿ ಬಡಿದು ಚುಕ್ಕಿ ಚುಕ್ಕಿಯಾಗಿ ಬರೆಸಿದ "ನಂಜಮ್ಮ" ಎಂಬ ಹೆಸರಿತ್ತು.

ಚಿಕ್ಕಮ್ಮ ಬರಿಗೈಯಲ್ಲಿ ಇಳಿದು ಬಂದರು. ಜಗಳವಾಡಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು.

"ನಮ್ಮಮ್ಮನ ಚೆಂಬು ಎಲ್ಲಿ?"

ಚಿಕ್ಕಪ್ಪ ರಿವಾಲ್ವರ್ ತಂದು ಅವರ ಮುಂದೆ ಇಟ್ಟರು. ಚಿಕ್ಕಮ್ಮ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಊರೋರ ಹೆಸರೆಲ್ಲ ಇದೆ. ನಮ್ಮಮ್ಮಂದು?"

"ಒಳಗಡೆ ಇದೆ ಕಣೇ. ಆಚೆ ಇದ್ರೆ ಕೈ ಬೆವರಿಗೆ ಸವೆದು ಹೋಗುತ್ತೆ. ಅದಕ್ಕೇ ಒಳಮುಖ ಮಾಡಿದೆ. ಮುಟ್ಟಿ ನೋಡು."

ಚಿಕ್ಕಮ್ಮ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಉಳಿ ಆ ಕಡೆ ಕುಳಿ ಮಾಡಿದ್ದ ಕಡೆಯಲ್ಲೆಲ್ಲ ಈ ಕಡೆ ಸಣ್ಣ ಸಣ್ಣ ಉಬ್ಬುಗಳೆದ್ದಿದ್ದವು, ಬೆಳಕಿಗೆ ಹಿಡಿಯದಿದ್ದರೆ ಕಾಣದಷ್ಟು ಸಣ್ಣವು. ಹಿಂದುಮುಂದಾದ ಅಕ್ಷರಗಳ ಮೇಲೆ ಬೆರಳು ಬಲದಿಂದ ಎಡಕ್ಕೆ ನಿಧಾನವಾಗಿ ಹೋಯಿತು, ಮತ್ತೆ ಹೋಯಿತು. ಕಲಾಯಿಯವನು ಬಾಗಿಲಲ್ಲಿ ಕಾದು ಕಾದು ಮುಂದಿನ ಮನೆಗೆ ನಡೆದ.

ಅವತ್ತಿನಿಂದ ರಿವಾಲ್ವರ್ ಚಿಕ್ಕಮ್ಮನದಾಯಿತು. ಅಡುಗೆಮನೆಯ ಗೂಡಿನಲ್ಲಿ ಲೋಟಗಳ ಸಾಲಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಶುಕ್ರವಾರ ಮಿಕ್ಕ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ನೀರು ಇಳಿದು ಸ್ಪ್ರಿಂಗು ತುಕ್ಕು ಹಿಡಿಯಿತು, ಗುಂಡು ಹಾರಿಸಲು ಎಳೆಯುವ ಕುದುರೆ ಕಚ್ಚಿಕೊಂಡಿತು. ಅಷ್ಟು ದಿನ ಅದಕ್ಕಾಗಿ ಬೆರಳು ಕೊಯ್ದುಕೊಂಡಿದ್ದ ಚಿಕ್ಕಪ್ಪ, ಬಾಗಿಲಲ್ಲಿ ನಿಂತು, "ಗಾಲಿ ಸಂದೀಲೂ ಸ್ವಲ್ಪ ತಿಕ್ಕು, ಅಲ್ಲಿ ಕಿಲುಬು ಕೂತಿರುತ್ತೆ" ಎನ್ನುತ್ತಿದ್ದರು.

ಚೆಂಬನ್ನು ಕತ್ತರಿಸುವಾಗ ಅವರು ಆ ಹೆಸರನ್ನು ನೋಡಿದ್ದರೇ? ನೋಡಿ, ಕಾಪಾಡಲೆಂದು ಒಳಗಿಟ್ಟರೇ, ಸಿಕ್ಕಿಬೀಳಬಾರದೆಂದು ಒಳಗಿಟ್ಟರೇ? ಒಮ್ಮೆ ಕೇಳಿದೆ. "ನೀನು ಊಟ ಮಾಡಪ್ಪ" ಎಂದರು. ಬೆವರಿನ ಆ ಮಾತು ಅವರಿಗೆ ಹಿತ್ತಾಳೆ ಬಗ್ಗಿಸುವಾಗ ಹೊಳೆದದ್ದೋ, ಚಿಕ್ಕಮ್ಮ ಎದುರಿಗೆ ಬಂದು ನಿಂತಾಗ ಹೊಳೆದದ್ದೋ, ನನಗೆ ಗೊತ್ತಿಲ್ಲ.