ಗುರುವಾರ ಕಂಪ್ಯೂಟರಿನ ಪ್ಲಗ್ ಕೀಳದಿರುವ ಬಗ್ಗೆ

ಇಂದ:
ಲುಬ್ನಾ, ಬಿ.ಇ., ಸೊಸೆ,
ಊಟದ ಮೇಜಿನ ಎಡಗಡೆ,
ಅಪಾರ್ಟ್‌ಮೆಂಟ್ ನಂ. 204, ಪ್ಲಿಮತ್, ಮಿಷಿಗನ್.

ಗೆ:
ಮಾನ್ಯ ವಹೀದಾ ಬೇಗಂ ಅವರು,
ನಿವೃತ್ತ ಪ್ರಥಮ ದರ್ಜೆ ಸಹಾಯಕರು, ಹರಿಹರ ತಾಲ್ಲೂಕು ಕಚೇರಿ, ಹಾಲಿ ಅತ್ತೆಯವರು,
ಸದರಿ ಮೇಜಿನ ಬಲಗಡೆ, ಸದರಿ ಅಪಾರ್ಟ್‌ಮೆಂಟ್.

ದಿನಾಂಕ: 17-5-2005, ಮಂಗಳವಾರ

ವಿಷಯ: ಕಂಪೈಲರ್ ಟೂಲ್‌ಕಿಟ್ ಒಂದನ್ನು ಮೂಲದಿಂದ ಕಟ್ಟುವ ಕೆಲಸಕ್ಕೆ ದಿ. 19-5-2005ರ ಗುರುವಾರ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಹದಿನಾಲ್ಕು ಗಂಟೆ ಅಡೆತಡೆಯಿಲ್ಲದ ಕರೆಂಟು ಮಂಜೂರು ಮಾಡುವ ಕುರಿತು.

ಉಲ್ಲೇಖ: 1) ನಿನ್ನೆ ಮಧ್ಯಾಹ್ನ ಮಾನ್ಯರು ನೀಡಿದ ಮೌಖಿಕ ಆದೇಶ: "ಏನಿದ್ರೂ ಬರವಣಿಗೇಲಿ ಕೊಡು."
2) ಟೂಲ್‌ಕಿಟ್ಟಿನ ಉಸ್ತುವಾರಿ ಹೊತ್ತ ಮಹಾಶಯರ ಇ-ಮೇಲ್, ದಿ. 6-5-2005.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಆಕೆ ಮಾನ್ಯರ ಮಗ ಸಾಕಿಬ್ ಅವರನ್ನು ಮದುವೆಯಾಗಿ ಮೂರು ವರ್ಷದ ಹಿಂದೆ ಈ ದೇಶಕ್ಕೆ ಬಂದವಳು. ಮಗನಿಗೆ ಇಲ್ಲೇ ಹತ್ತಿರ ಕಾರಿನ ಬ್ರೇಕು ಮಾಡುವ ಕಂಪನಿಯಲ್ಲಿ ನೌಕರಿ. ಅರ್ಜಿದಾರಳಿಗೆ ಎಚ್-4 ಎಂಬ ವೀಸಾ. ಅಂದರೆ ಗಂಡನ ಜೊತೆ ಇರಬಹುದು, ಕಾರು ಓಡಿಸಬಹುದು, ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್‌ನಲ್ಲಿ ಕಾಲೇಜಿಗೇ ಎರಡನೆಯವಳಾಗಿ ಪಾಸಾದ ಅರ್ಜಿದಾರಳು ಇಲ್ಲಿಯ ಸರ್ಕಾರಿ ಕಾಗದಗಳಲ್ಲಿ ಕಾಣುವುದು "ಅವಲಂಬಿತೆ" ಎಂಬ ಪದದ ಪಕ್ಕದಲ್ಲಿ. ಪಕ್ಕದ ಊರಾದ ನೋವೈ ಕಡೆಯ ಕನ್ನಡದವರು ಊಟಕ್ಕೆ ಕರೆದಾಗ ಪದ್ಮಜಾ ಆಂಟಿ "ನೀವೇನಮ್ಮ ಮಾಡ್ಕೊಂಡಿದೀರ?" ಎಂದು ಪ್ರತಿ ಸಲ ಕೇಳುತ್ತಾರೆ. ಅರ್ಜಿದಾರಳು ಪ್ರತಿ ಸಲ "ಮನೇಲೇ ಇದೀನಿ ಆಂಟಿ" ಎನ್ನುತ್ತಾಳೆ. ಆಂಟಿ ಪ್ರತಿ ಸಲ "ಪುಣ್ಯವಂತೆ" ಎನ್ನುತ್ತಾರೆ.

ಇನ್ನು ಪ್ರಕರಣದ ವಿವರ.

1. ಕಂಪೈಲರ್ ಎಂದರೇನು ಎಂದು ಮಾನ್ಯರು ಈಗಾಗಲೇ ಎರಡು ಬಾರಿ ಕೇಳಿದ್ದು, ಅರ್ಜಿದಾರಳು ಎರಡು ಬಾರಿಯೂ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಉತ್ತರಿಸಿರುವುದಕ್ಕೆ ವಿಷಾದಿಸುತ್ತಾಳೆ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವನು ಕೂತಿರುತ್ತಾನಲ್ಲ, ಕಂಪೈಲರ್ ಅವನೇ. ಜನ ಬಾಯಲ್ಲಿ ಹೇಳಿದ್ದನ್ನು ಅವನು ಕಚೇರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತಾನೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಕಂಪೈಲರ್ ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುತ್ತದೆ. ಸದರಿ ಟೂಲ್‌ಕಿಟ್ಟನ್ನು ಜಗತ್ತಿನ ಎಲ್ಲೆಲ್ಲಿಯ ಜನರೋ ಸೇರಿ ಬರೆದಿದ್ದಾರೆ. ಅದರ ಮೂಲ ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ತಿದ್ದುವವರ ವೀಸಾ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

2. ಅರ್ಜಿದಾರಳಿಗೆ ಜನವರಿಯಲ್ಲಿ ಅದರಲ್ಲೊಂದು ತಪ್ಪು ಕಂಡಿತು. ಒಂದು ಬಗೆಯ ಲೆಕ್ಕವನ್ನು ಹತ್ತು ಸುತ್ತು ಮಾಡೆಂದರೆ ಒಂಬತ್ತೇ ಮಾಡಿ, ಅದು ಕೊನೆಯ ಸುತ್ತನ್ನು ನುಂಗಿಹಾಕುತ್ತಿತ್ತು. ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು ಆಕೆ ಹನ್ನೊಂದು ಸಾಲಿನ ತಿದ್ದುಪಡಿ ಬರೆದಳು. ಹನ್ನೊಂದೇ ಸಾಲು ಎಂದು ಸಾಕಿಬ್ ನಕ್ಕರು. ಇರಲಿ.

3. ಉಲ್ಲೇಖ 2ರ ಮಹಾಶಯರು ತಿದ್ದುಪಡಿ ಸರಿಯಿದೆ ಎಂದು ಬರೆದಿದ್ದಾರೆ. ಅರ್ಜಿದಾರಳನ್ನು ಮಿಸ್ಟರ್ ಎಂದು ಕರೆದಿದ್ದಾರೆ. ಅದನ್ನು ತಿದ್ದಲು ಪುರುಸೊತ್ತಾಗಿಲ್ಲ. ಷರತ್ತು ಒಂದೇ: ತಿದ್ದುಪಡಿ ಸೇರಿಸಿ ಇಡೀ ಟೂಲ್‌ಕಿಟ್ಟನ್ನು ಕಟ್ಟಿ, ಎಲ್ಲ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಶುಕ್ರವಾರ ಇಪ್ಪತ್ತನೇ ತಾರೀಖಿನ ಒಳಗೆ ಕಳಿಸಬೇಕು. ಆಮೇಲೆ ಈ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ಮುಂದಿನದಕ್ಕೆ ಒಂದು ವರ್ಷ ಕಾಯಬೇಕು. ಸೇರಿದರೆ, ತಿದ್ದಿದವರ ಪಟ್ಟಿಯಲ್ಲಿ ಅರ್ಜಿದಾರಳ ಹೆಸರು ಬರುತ್ತದೆ.

4. ಕಟ್ಟುವ ಕ್ರಮ ಹೀಗೆ. ಹಳೆಯ ಕಂಪೈಲರ್ ಹೊಸದನ್ನು ಕಟ್ಟುತ್ತದೆ. ಆ ಹೊಸದು ತನ್ನನ್ನೇ ತಾನು ಇನ್ನೊಮ್ಮೆ ಕಟ್ಟಿಕೊಳ್ಳುತ್ತದೆ. ಅದಾಗಿ ಹುಟ್ಟಿದ್ದು ಮತ್ತೊಮ್ಮೆ ಕಟ್ಟಿಕೊಳ್ಳುತ್ತದೆ. ಕೊನೆಯ ಎರಡು ಪ್ರತಿಗಳು ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ನಕಲು ಪ್ರತಿಯನ್ನು ಮೂಲದೊಂದಿಗೆ ಹೋಲಿಸದೆ ರುಜು ಹಾಕಬಾರದೆಂದು ಮೂವತ್ತಮೂರು ವರ್ಷ ಪಟ್ಟು ಹಿಡಿದ ಮಾನ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಾದ ಮೇಲೆ ಸಾವಿರಾರು ಪರೀಕ್ಷೆ. ಎಲ್ಲ ಸೇರಿ ನಮ್ಮ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಹದಿನಾಲ್ಕು ಗಂಟೆ ಬೇಕು. ಸಾಕಿಬ್ ಅವರ ಲ್ಯಾಪ್‌ಟಾಪ್ ಆಫೀಸಿನದು. ಅದರಲ್ಲಿ ಪರದೆಯ ಚಿತ್ರ ಬದಲಿಸಲೂ ಅನುಮತಿ ಬೇಕು.

5. ದಿ. 9ರ ಸೋಮವಾರ ಮೊದಲ ಯತ್ನ. ಹತ್ತನೇ ಗಂಟೆಯಲ್ಲಿ ಗುಡುಗಿತು. ಮಾನ್ಯರು ಊರಿನ ರೂಢಿಯಂತೆ ಟಿ.ವಿ., ಮಿಕ್ಸಿ, ಫ್ರಿಜ್, ಕಂಪ್ಯೂಟರ್ ಎಲ್ಲದರ ಪ್ಲಗ್ಗನ್ನೂ ಕಿತ್ತು, ವೈರುಗಳನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟರು. ನಿಂತಲ್ಲಿಂದ ಮುಂದುವರಿಸಬಹುದಲ್ಲ ಎಂದು ಮಾನ್ಯರು ಕೇಳಬಹುದು. ಅರ್ಜಿದಾರಳು ಹಾಗೆಯೇ ಮಾಡಿದಳು. ಅರ್ಧ ಬರೆದು ನಿಂತಿದ್ದ ಒಂದು ಕಡತ ಪೂರ್ತಿಯಾದಂತೆ ನಟಿಸಿ, ಕೊನೆಗೆ ಎರಡು ಪ್ರತಿಗಳು ತಾಳೆಯಾಗಲಿಲ್ಲ. ಆದಕಾರಣ ಒಮ್ಮೆ ನಿಂತರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಬೇಕು.

6. ದಿ. 12ರ ಗುರುವಾರ ಎರಡನೇ ಯತ್ನ. ಸಂಜೆ ಎಲ್ಲರೂ ದಿನಸಿಗೆಂದು ನೋವೈಗೆ ಹೊರಟೆವು. ಅರ್ಜಿದಾರಳು ಕಾರಿನಲ್ಲಿ ಕೂತ ಮೇಲೆ ಮಾನ್ಯರು "ಒಂದ್ ನಿಮಿಷ" ಎಂದು ಒಳಗೆ ಹೋಗಿ, ಬಟ್ಟೆಯ ಕಪಾಟಿನ ಹಿಂದೆ ಅಡಗಿದ್ದ ಮೇನ್ ಸ್ವಿಚ್ಚನ್ನು ಹುಡುಕಿ ಆರಿಸಿ ಬಂದರು. ಈ ಮನೆಯಲ್ಲಿ ಮೇನ್ ಎಲ್ಲಿದೆಯೆಂದು ಸಾಕಿಬ್ ಅವರಿಗೇ ಅಂದಿನವರೆಗೆ ತಿಳಿದಿರಲಿಲ್ಲ.

"ಅಮ್ಮೀ, ಇಲ್ಲಿ ಯಾರೂ ಮೇನ್ ಆಫ್ ಮಾಡಲ್ಲ," ಎಂದರು ಸಾಕಿಬ್.

"ಅದಕ್ಕೇ ಇಲ್ಲಿ ದಿನಾ ಫೈರ್ ಇಂಜಿನ್ ಓಡಾಡ್ತವೆ," ಎಂದರು ಮಾನ್ಯರು. ಆ ಸಂಜೆ ಕಂಪ್ಯೂಟರಿನ ಕೆಲಸದ ಜೊತೆ ಫ್ರಿಜ್ಜಿನ ಐಸ್‌ಕ್ರೀಮೂ ಬಲಿಯಾಯಿತು.

7. ನಿನ್ನೆ ಮೂರನೇ ಯತ್ನ. ಆಕಾಶ ತೊಳೆದಿಟ್ಟಂತಿತ್ತು. ಯಾರೂ ಎಲ್ಲಿಗೂ ಹೊರಟಿರಲಿಲ್ಲ. "ದಯವಿಟ್ಟು ಮುಟ್ಟಬೇಡಿ" ಎಂದು ಕಂಪ್ಯೂಟರಿಗೆ ಚೀಟಿ ಅಂಟಿಸಲಾಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ಮಾನ್ಯರು ಚೀಟಿಯನ್ನು ಓದಿ, ಕನ್ನಡಕ ತೆಗೆದು, ಪ್ಲಗ್ ಕಿತ್ತರು. ಇದು ರೂಢಿಯಲ್ಲ, ಮರೆವೂ ಅಲ್ಲ. ಆಗ ನಡೆದ ಮಾತನ್ನು ದಾಖಲೆಗಾಗಿ ಇಲ್ಲಿ ಕೊಡಲಾಗಿದೆ.

"ಇದಕ್ಕೆ ಎಷ್ಟು ಕೊಡ್ತಾರೆ?"

"ಏನೂ ಕೊಡಲ್ಲ ಅಮ್ಮೀ."

"ನಾಲ್ಕು ತಿಂಗಳಿಂದ ಮಾಡ್ತಿದೀಯ. ಅನ್ನ ನೀರು ಬಿಟ್ಟು ಮಾಡ್ತಿದೀಯ. ಒಂದು ಪೈಸೆ ಕೊಡಲ್ವಾ?"

"ಇಲ್ಲ."

"ಮೂವತ್ತಮೂರು ವರ್ಷ ಸರ್ವೀಸು ನಂದು. ಒಂದ್ ದಿನ ಬಿಟ್ಟಿ ಚಾಕರಿ ಮಾಡ್ಲಿಲ್ಲ ನಾನು. ಡಿ.ಎ. ತಡ ಮಾಡಿದ್ರು ಅಂತ ಇಡೀ ಕಚೇರಿ ಪೆನ್ ಕೆಳಗಿಡಿಸಿದೋಳು. ನನ್ನ ಸೊಸೇನ ಪುಕ್ಕಟೆ ದುಡಿಸ್ಕೊಳ್ತಾರಾ? ನಿನಗೆ ಕೇಳೋಕೆ ನಾಚಿಕೆ ಆದ್ರೆ ನಾನ್ ಮಾಡ್ತೀನಿ ಸ್ಟ್ರೈಕು."

ಅಂದರೆ ಮಾನ್ಯರು ಅರ್ಜಿದಾರಳ ಪರವಾಗಿ ಮುಷ್ಕರ ಹೂಡಿದ್ದರು. ಆ ಮುಷ್ಕರದಿಂದ ನಷ್ಟವಾದದ್ದು ಅರ್ಜಿದಾರಳಿಗೇ. ಆಕೆಗೆ ಸಿಟ್ಟು ನೆತ್ತಿಗೇರಿತ್ತು. ಬೈಯಬೇಕೆಂದು ಬಾಯಿ ತೆರೆದಳು. ಈ ಊರಿಗೆ ಬಂದ ಮೇಲೆ ತನ್ನ ಕೆಲಸಕ್ಕೆ ಬೆಲೆ ಇದೆ ಎಂದವರು ಇವರೊಬ್ಬರೇ ಎಂದು ಆಗಲೇ ಹೊಳೆದು, ಬೈಗುಳದ ಬದಲು ನಿಜ ಹೇಳಿದಳು.

"ಅಮ್ಮೀ, ಸಂಬಳ ತಗೊಂಡ್ರೆ ನನ್ನನ್ನ ಈ ದೇಶದಿಂದ ಆಚೆ ಹಾಕ್ತಾರೆ. ನಂಗೆ ಇಲ್ಲಿ ಬಿಟ್ಟಿ ಮಾಡೋಕೆ ಮಾತ್ರ ಹಕ್ಕಿರೋದು. ಅದನ್ನೂ ನೀವು ಕಿತ್ಕೋಬೇಡಿ."

ಇಷ್ಟು ಹೇಳಿ ಅರ್ಜಿದಾರಳು ಅತ್ತಳು. ಮಾನ್ಯರು ಕೈಯಲ್ಲಿದ್ದ ಪ್ಲಗ್ಗನ್ನು, ವೈರು ಸುತ್ತದೆ, ಹಾಗೇ ಕೆಳಗಿಟ್ಟರು. ಆಮೇಲೆ ಬರವಣಿಗೆಯಲ್ಲಿ ಕೊಡು ಎಂಬ ಉಲ್ಲೇಖ 1ರ ಆದೇಶ ನೀಡಿ ಚಹಾ ಮಾಡಲು ಹೋದರು. ಚಹಾದಲ್ಲಿ ಸಕ್ಕರೆ ಎರಡು ಪಟ್ಟು ಇತ್ತು.

8. ಬುಧವಾರ ಗುಡುಗಿನ ಮುನ್ಸೂಚನೆ ಇದೆ. ಗುರುವಾರ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಪ್ಪತ್ತು ಡಿಗ್ರಿ, ಹಿತವಾದ ಬಿಸಿಲು. ಶುಕ್ರವಾರ ಗಡುವು. ಉಳಿದಿರುವುದು ಗುರುವಾರ ಒಂದೇ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮಾನ್ಯರು ಗುರುವಾರದ ಮಟ್ಟಿಗೆ ಮುಷ್ಕರ ಹಿಂಪಡೆದು, ಮನೆಯ ಯಾವುದೇ ಪ್ಲಗ್, ಸ್ವಿಚ್ ಮತ್ತು ಮೇನಿನ ತಂಟೆಗೆ ಹೋಗದೆ, ಹದಿನಾಲ್ಕು ಗಂಟೆ ಕರೆಂಟು ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಮುನ್ಸೂಚನೆ ಸುಳ್ಳಾಗಿ ಗುಡುಗು ಬಂದಲ್ಲಿ, ಮಾನ್ಯರ ಭಯ ಕಳೆಯಲು ಅರ್ಜಿದಾರಳು ಅವರ ಪಕ್ಕದಲ್ಲೇ ಕೂರತಕ್ಕದ್ದು. ಆ ಅವಧಿಯಲ್ಲಿ ಹರಿಹರದ ಯಾವ ತಹಶೀಲ್ದಾರರ ಕಥೆ ಹೇಳಿದರೂ, ಮೊದಲು ಕೇಳಿದ್ದಾದರೂ, ಪೂರ್ತಿ ಕೇಳತಕ್ಕದ್ದು.

ಒಂದೇ ಮೇಜಿನಲ್ಲಿ ಉಣ್ಣುವ ತಮ್ಮ ವಿಶ್ವಾಸಿ,
ಲುಬ್ನಾ

ಲಗತ್ತುಗಳು:
ಅ) ತಿದ್ದುಪಡಿಯ ಪ್ರತಿ, ಹನ್ನೊಂದು ಸಾಲು.
ಆ) ಉಲ್ಲೇಖ 2ರ ಪ್ರತಿ, ಕನ್ನಡ ಅನುವಾದ ಸಮೇತ. ಮಿಸ್ಟರ್ ಎಂಬುದನ್ನು ಅನುವಾದದಲ್ಲಿ ಕೈಬಿಡಲಾಗಿದೆ.
ಇ) ಕರಗಿ ಹೋದ ಐಸ್‌ಕ್ರೀಮಿನ ಖಾಲಿ ಡಬ್ಬಿ, ಪುರಾವೆಗಾಗಿ.

ಹೆಚ್ಚುವರಿ ಪ್ರಾರ್ಥನೆ: ಗುರುವಾರದ ಫಲಿತಾಂಶ ಏನೇ ಆಗಲಿ, ಪಟ್ಟಿಯಲ್ಲಿ ಹೆಸರು ಬರಲಿ ಬಿಡಲಿ, ಮಾನ್ಯರು ಜುಲೈನಲ್ಲಿ ಊರಿಗೆ ಹೊರಡುವ ಮುನ್ನ ಅರ್ಜಿದಾರಳಿಗೆ ತಮ್ಮ ಸ್ವಂತ ಅಕ್ಷರದಲ್ಲಿ ಒಂದು ಸೇವಾ ಪ್ರಮಾಣಪತ್ರ ಬರೆದುಕೊಡಬೇಕು. ಹುದ್ದೆ ಎಂಬಲ್ಲಿ ಖಾಲಿ ಬಿಡಬಹುದು. ವೇತನ ಎಂಬಲ್ಲಿ ಅಡ್ಡಗೆರೆ ಎಳೆಯಬಹುದು. "ಸದರಿಯವರು ಕೆಲಸ ಮಾಡಿರುತ್ತಾರೆ" ಎಂಬ ಸಾಲನ್ನು ಮಾತ್ರ ಬಿಡದೆ ಬರೆಯಬೇಕಾಗಿ ಕೋರಿಕೆ.