ಅತ್ತೆಯ ಕಪ್ಪು ಕನ್ನಡಕ ಮತ್ತು ನನ್ನ ಕಾದಂಬರಿ

ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕು ಅಂತ ಅಳಿಯ ಆಸೆಪಡುವುದು ತಪ್ಪೇ, ನೀವೇ ಹೇಳಿ! ಅದೂ ಸಂಬಳದ ಬಗ್ಗೆ ಅಲ್ಲ, ಸಾಹಿತ್ಯದ ಬಗ್ಗೆ.

ನಮ್ಮತ್ತೆ ಏಕಕಾಲಕ್ಕೆ ಮೂರು ಕಾದಂಬರಿ ಓದುವವರು. ದಿಂಬಿನಡಿ ಒಂದು, ಕಿಟಕಿ ಹತ್ತಿರ ಒಂದು, ಒಲೆ ಪಕ್ಕ ಒಂದು (ಈ ಮೂರನೆಯದರ ದೆಸೆಯಿಂದ ನಮ್ಮನೆಯಲ್ಲಿ ಹಾಲು ಉಕ್ಕದ ದಿನವಿಲ್ಲ). ನಾನು ತೂಕ-ಅಳತೆ ಇಲಾಖೆಯವನು, ಅಂಗಡಿಗಳ ತಕ್ಕಡಿ ಪರೀಕ್ಷಿಸುವುದೇ ಕೆಲಸ. ಆದರೆ ನಮ್ಮತ್ತೆಯ ನಾಲಿಗೆಯಷ್ಟು ಕರಾರುವಾಕ್ಕಾದ ತಕ್ಕಡಿಯನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ.

ಮೊನ್ನೆ ಅವರ ಒಂದು ಕಣ್ಣಿನ ಪೊರೆ ತೆಗೆದರು. ಡಾಕ್ಟರು ಕಪ್ಪು ಕನ್ನಡಕ ಹಾಕಿಸಿ, "ಸದ್ಯಕ್ಕೆ ಓದೋ ಹಾಗಿಲ್ಲ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ" ಅಂದರು. ನನ್ನವಳು ಸ್ಕೂಲ್ ಟೀಚರು, ಪರೀಕ್ಷೆ ಸಮಯ, ರಜೆ ಸಿಗಲಿಲ್ಲ. ಹೀಗಾಗಿ ನಾನು ರಜೆ ಹಾಕಿ ಅತ್ತೆಯವರ ಆಸ್ಥಾನವಾಚಕನಾಗಿ ನೇಮಕಗೊಂಡೆ.

ಪ್ರೇಮಕಥೆ ತೆಗೆದೆ. ಎರಡು ಪುಟ ಆಗಿಲ್ಲ, ಅತ್ತೆ ಕೈ ಎತ್ತಿದರು. "ಆಗಿನಿಂದ ಬರೀ ನಿಟ್ಟುಸಿರು ಬಿಡ್ತಿದಾನಲ್ಲ ಇವನು! ಒಂದು ಲೋಟ ನೀರು ಕುಡಿದು ಮುಂದೆ ಹೋಗೋಕೆ ಹೇಳಿ."

ಪತ್ತೇದಾರಿ ತೆಗೆದೆ. "ಕೊಲೆ ಮಾಡಿದ್ದು ಆ ಡಾಕ್ಟರೇ. ಬಂದಾಗಿನಿಂದ ಎಲ್ಲರಿಗೂ ಒಳ್ಳೇದು ಬಯಸ್ತಿದಾನೆ. ಅಂಥವರನ್ನ ನಂಬಬಾರದು ಅಳಿಯಂದ್ರೇ." (ಕೊನೇ ಪುಟ ಕದ್ದು ನೋಡಿದೆ. ಡಾಕ್ಟರೇ!)

ಸಂಸಾರದ ಕಥೆಗೂ ಉಳಿಗಾಲವಿಲ್ಲ. "ಪಾಪ, ಆ ಸೊಸೆ ಶುರುವಿನಿಂದ ಪಾತ್ರೆ ತೊಳೀತಾನೇ ಇದಾಳೆ. ಬರೆದೋರು ಗಂಡಸಿರಬೇಕು. ಒಂದು ದಿನ ತಾವೇ ತೊಳೆದಿದ್ರೆ ಒಂದೇ ಸಾಲಲ್ಲಿ ಮುಗಿಸ್ತಿದ್ರು."

ಈಗ ನಿಮಗೊಂದು ಗುಟ್ಟು. ನಾನೂ ಒಂದು ಕಾದಂಬರಿ ಬರೆದಿದ್ದೇನೆ. ವರ್ಷಗಟ್ಟಲೆ ಬರೆದೆ, ಟೈಪ್ ಮಾಡಿಸಿದೆ. ಪ್ರಕಾಶಕರು ನಾನು ಕಳಿಸಿದಷ್ಟೇ ಭದ್ರವಾಗಿ ವಾಪಸು ಕಳಿಸಿದರು. ಹೆಂಡತಿಗೆ ಓದಲು ಕೂತಾಗಲೆಲ್ಲ ಅವಳು ಮೊದಲ ಸಾಲು ಕೇಳಿ, "ಚೆನ್ನಾಗಿದೆ ರೀ, ಒಲೆ ಆರಿಸಿ ಬರ್ತೀನಿ" ಅಂತ ಒಳಗೆ ಹೋದವಳು ತಿರುಗಿ ಬರುತ್ತಿರಲಿಲ್ಲ. ಇನ್ನು ಅತ್ತೆಗೆ ನನ್ನದು ಅಂತ ಹೇಳಿದರೆ ಕೇಳುತ್ತಾರೆಯೇ? ಹಿತ್ತಲ ಗಿಡ ಮದ್ದಲ್ಲ! ಅದಕ್ಕೇ ಖಾಕಿ ಕಾಗದದ ಬೈಂಡು ಹಾಕಿ, "ಯಾರೋ ಹೊಸಬರದ್ದು ಅತ್ತೆ" ಅಂತ ಶುರು ಮಾಡಿದೆ.

ಮೊದಲ ಪುಟ ಮುಗಿಯಿತು. ಅತ್ತೆ ಕೈ ಎತ್ತಲಿಲ್ಲ. ಎರಡನೆಯದು, ಮೂರನೆಯದು... ತುಟಿಪಿಟಕ್ಕೆನ್ನದೆ, ಕಪ್ಪು ಕನ್ನಡಕವನ್ನು ನನ್ನತ್ತಲೇ ನೆಟ್ಟು ಕೂತಿದ್ದರು. ನನ್ನ ಕಣ್ಣು ತುಂಬಿ ಬಂತು.

ಮರುದಿನ ಅವರೇ ಕೇಳಿದರು, "ಅಳಿಯಂದ್ರೇ, ಆ ಹೊಸಬರದ್ದು ತೆಗೀರಿ."

"ಎರಡನೇ ಅಧ್ಯಾಯದಿಂದ ಓದ್ಲಾ?"

"ಬೇಡ ಬೇಡ, ಮೊದಲಿಂದಲೇ ಓದಿ. ಮೊದಲನೇ ಅಧ್ಯಾಯವೇ ಸಾಕು."

ಆಹಾ! ಒಳ್ಳೆಯ ಹಾಡನ್ನು ಮತ್ತೆ ಮತ್ತೆ ಕೇಳುವುದಿಲ್ಲವೇ, ಹಾಗೆ ಅಂದುಕೊಂಡೆ. ಅಲ್ಲಿಂದ ದಿನಾ ಮಧ್ಯಾಹ್ನ ಅದೇ ಅಧ್ಯಾಯ, ಅದೇ ಗಾಢ ಮೌನ. ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ.

ಭಾನುವಾರ ಅತ್ತೆಯ ತಂಗಿ ನೋಡಲು ಬಂದರು. ಹೆಂಡತಿಯೂ ಮನೆಯಲ್ಲಿದ್ದಳು. ಗುಟ್ಟು ಒಡೆಯಲು ಇದಕ್ಕಿಂತ ಒಳ್ಳೆ ಸಭೆ ಬೇಕೆ? ಮೆಲ್ಲಗೆ ಖಾಕಿ ಕಾಗದ ಬಿಚ್ಚತೊಡಗಿದೆ.

ಚಿಕ್ಕತ್ತೆ ಗೋಳಾಡುತ್ತಿದ್ದರು. "ಏನು ಮಾಡಿದ್ರೂ ನಿದ್ದೆ ಹತ್ತಲ್ಲ ಅಕ್ಕಾ. ಮಾತ್ರೆ ತಗೊಂಡ್ರೂ ಅಷ್ಟಕ್ಕಷ್ಟೇ."

"ಮಾತ್ರೆ ಯಾಕೇ? ನಮ್ಮ ಅಳಿಯಂದ್ರ ಹತ್ರ ಒಂದು ಪುಸ್ತಕ ಇದೆ. ಎರಡನೇ ಪುಟ ನಾನು ಇವತ್ತಿನವರೆಗೂ ಕೇಳಿಲ್ಲ! ಡಾಕ್ಟರು ನಿದ್ದೆ ಮಾಡಿ ಅಂದ್ರಲ್ಲ, ಅದಕ್ಕೇ ದಿನಾ ಓದಿಸ್ಕೋತೀನಿ. ಪಾಪ, ಅವರೂ ಬೇಜಾರಿಲ್ಲದೆ ಓದ್ತಾರೆ. ಚಿನ್ನದಂಥ ಅಳಿಯ."

ನನ್ನ ಕೈ ಕಾಗದದ ಮೇಲೇ ನಿಂತಿತು. ಹೆಂಡತಿ ಪುಸ್ತಕ ಕಸಿದುಕೊಂಡು ಮೊದಲ ಸಾಲು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. "ಅಮ್ಮಾ! ಇದು ಇವರೇ ಬರೆದಿದ್ದು!"

ಅತ್ತೆ ಕಪ್ಪು ಕನ್ನಡಕ ಸರಿಮಾಡಿಕೊಂಡರು. ಪಾಪ, ಅವರ ಮುಖ ಸಣ್ಣದಾಗಿತ್ತು.

"ಅಯ್ಯೋ, ನಿಮ್ಮದಾ? ಮೊದಲೇ ಹೇಳಬಾರದಾಗಿತ್ತಾ! ಗಿಲ್ಲಿಕೊಂಡಾದ್ರೂ ಎಚ್ಚರ ಇರ್ತಿದ್ದೆ." ಆಮೇಲೆ ಸಮಾಧಾನದ ದನಿಯಲ್ಲಿ ಹೇಳಿದರು, "ಏನೇ ಅನ್ನಿ, ನಿಮ್ಮ ಕೈಗುಣ ದೊಡ್ಡದು."

ಅಂತೂ ಹಿತ್ತಲ ಗಿಡ ಮದ್ದಾಯಿತು. ಚಿಕ್ಕತ್ತೆ ಹೊರಡುವಾಗ ನನ್ನ ಕೃತಿಯನ್ನು ಬ್ಯಾಗಿಗೆ ಹಾಕಿಕೊಂಡು, "ಊಟಕ್ಕೆ ಮುಂಚೆ ಓದಬೇಕಾ, ಆಮೇಲಾ?" ಅಂತ ಕೇಳಿಕೊಂಡೇ ಹೋದರು.

ನಾನು ಮೂಲೆ ಸೇರಿ ಕೂತೆ. ಹೆಂಡತಿ ಕಾಫಿ ತಂದಿಟ್ಟು ಪಕ್ಕದಲ್ಲಿ ಕೂತಳು. "ರೀ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್. ಆ ಪುಸ್ತಕ ನೋಡಿದ್ರೆ ಚಿಕ್ಕಮ್ಮ ತಗೊಂಡು ಹೋದ್ರು. ಎರಡನೇ ಭಾಗ ಬರೆಯೋಕಾಗುತ್ತಾ?"

ನನ್ನ ಮಾನಗೇಡಿತನ ನೋಡಿ, ಅವಳು ಮಾತು ಮುಗಿಸುವಷ್ಟರಲ್ಲಿ ನಾನು ಪೆನ್ನು ಹುಡುಕುತ್ತಿದ್ದೆ.