ಕುದುರೆ ಬಿಗಿಯಾಗಿರುವ ಬಗ್ಗೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಆ ನೆಲವನ್ನು ಒಮ್ಮೆಯಾದರೂ ಹೋಗಿ ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಬಹಳ ದಿನ ಇತ್ತು. ಪಾಪ, ಆಕೆಯ ಪಾಲಿಗೆ ಬಂದ ನೆಲ ನಿಜಕ್ಕೂ ಡೊಂಕಾಗಿದ್ದರೆ? ಆಕೆ ಒಂದು ಅರ್ಜಿ ಬರೆದುಕೊಂಡಿದ್ದರೆ, ಸ್ಥಳ ಮಹಜರು ಮಾಡಿಸಿದ್ದರೆ, ಗಾದೆಯೇ ಬೇರೆ ಆಗುತ್ತಿತ್ತೋ ಏನೋ. ನಾನು ಪೊಲೀಸಿನವಳು. ಮಹಜರಿಲ್ಲದೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಅದರಲ್ಲೂ ನನ್ನದೇ ತಪ್ಪು ಎಂದು ಯಾರಾದರೂ ಹೇಳಿದರೆ ಮೊದಲೇ ನಂಬುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಮಾಲೂರಿನಲ್ಲಿ, ಸೊಸೆಯಾಗಿ ಬಂದದ್ದು ತಾಯಲೂರಿಗೆ. ಕೆಲಸ ಮುಳಬಾಗಿಲು ತಾಲ್ಲೂಕಿನ ಒಂದು ಠಾಣೆಯಲ್ಲಿ. ವರ್ಷಗಟ್ಟಲೆ ಅಲ್ಲಿ ನಾನು ರೈಟರ್, ಅಂದರೆ ಠಾಣೆಯ ಬರವಣಿಗೆಯೆಲ್ಲ ನನ್ನದೇ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳದಿದ್ದರೆ ಏನು ಮಾಡುವುದು? ನನ್ನ ಕನ್ನಡವೂ ಅಷ್ಟೇ ಅಚ್ಚುಕಟ್ಟು. ತೆಲುಗು ಮಾತ್ರ ನನಗೆ ದೂರಿನಷ್ಟೇ ಬರುತ್ತದೆ. ಕೊಟ್ಟಾಡು ಎಂದರೆ ಹೊಡೆದ, ತಿಟ್ಟಾಡು ಎಂದರೆ ಬೈದ. ಇಷ್ಟು ಗೊತ್ತಿದ್ದರೆ ನಮ್ಮ ಕಡೆ ಮುಕ್ಕಾಲು ಪಾಲು ಕೇಸು ದಾಖಲಾಗುತ್ತವೆ. ಮನೆಯಲ್ಲಿ ಅತ್ತೆ ನಾಗಮ್ಮನವರು ಹಸು ಗೌರಿಯ ಜೊತೆ ತೆಲುಗಿನಲ್ಲಿ ಮಾತಾಡಿ, ನನ್ನ ಕಡೆ ತಿರುಗಿ ಕನ್ನಡಕ್ಕೆ ಬರುತ್ತಾರೆ. ಆ ಹಸುವಿಗೂ ನನಗೂ ಸಂಬಂಧವಿರಲಿಲ್ಲ. ಖಾಕಿ ತೊಟ್ಟವಳು ಕೊಟ್ಟಿಗೆಗೆ ಕಾಲಿಡಬಾರದೆಂದು ಮದುವೆಯಾದ ಹೊಸದರಲ್ಲಿ ನಾನೇ ಒಂದು ಕಾನೂನು ಮಾಡಿಕೊಂಡಿದ್ದೆ.

ಹೋದ ವರ್ಷ ನನಗೆ ಬಡ್ತಿಯಾಗಿ ಎ.ಎಸ್.ಐ. ಆದೆ. ಪೆನ್ನು ಹಿಡಿದ ಕೈಗೆ ಪಿಸ್ತೂಲು ಬಂತು. ಹೊಚ್ಚ ಹೊಸದು, ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗಿಯೇ ಮೇಲೇರಿ ಕೂರುವಂಥದ್ದು. ನಮ್ಮ ಠಾಣೆಯಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಮೊದಲ ಹೆಂಗಸು ನಾನೇ. ಮಾಲೂರಿನ ತವರಿಗೂ ತಾಯಲೂರಿನ ಬೀದಿಗೂ ಈ ವಿಷಯವನ್ನು ನಾನೇ ಮುಟ್ಟಿಸಿದೆ. ಕಾಯಿಪಲ್ಯ ತರಲು ಹೋದರೂ ನಡಿಗೆ ಸ್ವಲ್ಪ ಅಗಲವಾಗುತ್ತಿತ್ತು.

ಮೊದಲ ಸಲ ಗುಂಡು ಹಾರಿಸಲು ಮೈದಾನಕ್ಕೆ ಕರೆದೊಯ್ದಾಗ ಗೊತ್ತಾಯಿತು ನನ್ನ ಗ್ರಹಚಾರ. ಟ್ರಿಗರ್ ಎಂಬುದು ಅಲುಗಲೊಲ್ಲದು. ಎಳೆದೆ, ಇನ್ನೂ ಎಳೆದೆ, ಹಲ್ಲು ಕಚ್ಚಿ ಎಳೆದೆ. ತೋರುಬೆರಳು ಬೆಳ್ಳಗಾಯಿತು, ಕಣ್ಣು ಮುಚ್ಚಿತು, ಆಮೇಲೆ ಯಾವಾಗಲೋ ಢಂ ಎಂದಿತು. ಹತ್ತು ಗುಂಡಿನಲ್ಲಿ ಎರಡು ಮಾತ್ರ ಗುರಿಹಲಗೆಯ ಅಂಚಿಗೆ ತಾಗಿದ್ದವು. ಉಳಿದ ಎಂಟೂ ಅದರ ಕಾಲಬುಡದ ಮಣ್ಣಿಗೆ. ಆಯುಧಗಳ ರಿಪೇರಿ ನೋಡಿಕೊಳ್ಳುವ ವೆಂಕಟರೋಣಪ್ಪ ಪಕ್ಕದಲ್ಲೇ ನಿಂತಿದ್ದ. ಶ್ರೀನಿವಾಸಪುರದ ಕಡೆಯವನು, ನಕ್ಕರೆ ಮೀಸೆ ಮಾತ್ರ ಅಲ್ಲಾಡುತ್ತದೆ. "ಮೇಡಂ, ಇಲಿ ಬಿಲ ಏನಾನಾ ಕಾಣಿಸ್ತಾ ಐತಾ ಅಲ್ಲಿ?" ಎಂದು ಕೇಳಿದ.

ನನಗೆ ಮೈ ಉರಿಯಿತು. "ಟ್ರಿಗರ್ ಬಿಗಿ ಕಣಪ್ಪ, ಕಾರ್ಖಾನೆಯಿಂದ ಬಂದಿದ್ದೇ ಹೀಗೆ. ಸ್ವಲ್ಪ ಸಡಿಲ ಮಾಡಿಕೊಡು" ಎಂದೆ. ಅವನು ಪಿಸ್ತೂಲು ಖಾಲಿಯಿದೆಯೆಂದು ಎರಡೆರಡು ಸಲ ನೋಡಿ, ಟ್ರಿಗರಿಗೆ ತೂಕ ನೇತುಹಾಕಿ ಪರೀಕ್ಷಿಸಿದ. ಒಳಗೆ ಗಟ್ಟಿಕಟ್ಟಿದ್ದ ಕಾರ್ಖಾನೆಯ ಗ್ರೀಸು ತೆಗೆದು ಎಣ್ಣೆ ಬಿಟ್ಟ. "ಇರಬೇಕಾದ ತೂಕವೇ ಐತೆ ಮೇಡಂ. ಸ್ಪ್ರಿಂಗು ಮುಟ್ಟಂಗಿಲ್ಲ, ಅರ ಹಾಕಂಗಿಲ್ಲ. ಸರ್ಕಾರದ ಮಾಲು. ಇದಕ್ಕಿಂತ ಸಡಿಲ ಆದ್ರೆ ಜೀಪು ಹಳ್ಳಕ್ಕೆ ಬಿದ್ದಾಗ ನಿಮ್ಮ ಕಾಲಿಗೇ ಹಾರ್ತದೆ" ಎಂದ. ಅವನ ಮಾತು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅದೇ ವಾರ ಹೊಸದಾಗಿ ಬಂದ ಸಾಹೇಬರ ಆದೇಶ ಹೊರಬಿತ್ತು. ಎರಡು ತಿಂಗಳಲ್ಲಿ ವಾರ್ಷಿಕ ಪರೀಕ್ಷೆ, ಹತ್ತರಲ್ಲಿ ಆರು ಗುಂಡು ಗುರಿಗೆ ಬೀಳದವರು ಪಿಸ್ತೂಲನ್ನು ವಾಪಸು ಮಾಡತಕ್ಕದ್ದು. ಅಂದರೆ ಎಲ್ಲರೆದುರಿಗೆ ಸೊಂಟದಿಂದ ಬಿಚ್ಚಿ ಕೊಟ್ಟು ಲಾಠಿ ಹಿಡಿದು ಮನೆಗೆ ಬರಬೇಕು. ತಾಯಲೂರಿನ ಬೀದಿಯಲ್ಲಿ ನನ್ನ ನಡಿಗೆ ಏನಾಗಬೇಡ! ಕೈಲಾಗದವಳಿಗೆ ಉಳಿದದ್ದು ಪೆನ್ನು. ಮೂರು ಪುಟದ ಅರ್ಜಿ ಬರೆದೆ. ಟ್ರಿಗರ್ ಎಂಬ ಪರಭಾಷೆಯ ಪದವನ್ನು ನನ್ನ ಅರ್ಜಿಯೊಳಗೆ ಬಿಟ್ಟುಕೊಳ್ಳುವುದುಂಟೆ? ಬಂದೂಕಿನ ಕುದುರೆ ಎಂದು ನಮ್ಮ ಹಿರಿಯರು ಅನ್ನುತ್ತಿದ್ದರಲ್ಲ, ಅದನ್ನೇ ಹಾಕಿದೆ. "ವಿಷಯ: ನನಗೆ ಹಂಚಿಕೆಯಾಗಿರುವ ಕುದುರೆಯು ವಿಪರೀತ ಬಿಗಿಯಾಗಿದ್ದು, ಸಡಿಲಗೊಳಿಸಿಕೊಡುವ ಬಗ್ಗೆ." ಓದಿ ಓದಿ ನಾನೇ ಮೆಚ್ಚಿಕೊಂಡೆ.

ಮೇಲಿನ ಕಚೇರಿಗಳಲ್ಲಿ ಅರ್ಜಿಯ ವಿಷಯ ಓದುವವರಿದ್ದಾರೆ, ಅರ್ಜಿ ಓದುವವರಿಲ್ಲ. ಹತ್ತು ದಿನದ ಮೇಲೆ ಠಾಣೆಗೆ ಫೋನ್ ಬಂತು. ಆ ಕಡೆಯಿಂದ ಬಹಳ ಮೃದುವಾದ ದನಿ: "ಮೇಡಂ, ಪಶು ಆಸ್ಪತ್ರೆಯಿಂದ ಮಾತಾಡ್ತಿರೋದು. ನಿಮ್ಮ ಅರ್ಜಿ ನಮಗೆ ಬಂದಿದೆ. ಕುದುರೆಗೆ ಬಿಗಿ ಅಂದರೆ ಕಾಲು ಬಿಗಿನಾ, ಹೊಟ್ಟೆ ಬಿಗಿನಾ? ಲದ್ದಿ ಸರಿಯಾಗಿ ಹಾಕ್ತಾ ಇದೆಯಾ?" ಅದು ಆ ಥರದ ಕುದುರೆ ಅಲ್ಲ ಎಂದೆ. "ಯಾವ ಥರದ್ದಾದರೂ ಪರವಾಗಿಲ್ಲ, ಬೆಳಿಗ್ಗೆ ಏನೂ ತಿನ್ನಿಸದೆ ಹಿಡಿದುಕೊಂಡು ಬನ್ನಿ" ಎಂದರು ಡಾಕ್ಟರು. ಫೋನಿನ ಸ್ಪೀಕರು ಆನ್ ಆಗಿತ್ತು. ಆವತ್ತಿನಿಂದ ನಾನು ಠಾಣೆಯೊಳಗೆ ಕಾಲಿಟ್ಟರೆ ಯಾರಾದರೊಬ್ಬರು ನಾಲಿಗೆಯಲ್ಲಿ ಟಕಟಕ ಸದ್ದು ಮಾಡುತ್ತಿದ್ದರು. ನಾನು ಕತ್ತೆತ್ತಿದರೆ ಎಲ್ಲರೂ ಕಡತ ಓದುತ್ತಿರುತ್ತಿದ್ದರು.

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಮತ್ತೆ ಮೈದಾನಕ್ಕೆ ಹೋದೆ. ಕಿವಿಗೆ ಹತ್ತಿ ತುರುಕಿಕೊಂಡು ಮೊದಲ ಗುಂಡು ಹಾರಿಸುತ್ತಿದ್ದಂತೆ ವೆಂಕಟರೋಣಪ್ಪ ತಲೆ ಚಚ್ಚಿಕೊಂಡು, ಸಿಟ್ಟಿನಲ್ಲಿ ಕನ್ನಡ ಮರೆತು ತೆಲುಗಿನಲ್ಲಿ ಏನೋ ಕೂಗಿದ. ಹತ್ತಿಯೊಳಗಿಂದ ನನಗೆ ಕೇಳಿಸಿದ್ದು ಎರಡೇ ಮಾತು: ಲಾಗ, ಪಿಂಡ. ನಾನು ಲಾಗ ಹಾಕುತ್ತಿದ್ದೇನೆಂದು ಆಡಿಕೊಳ್ಳಲಿ, ಸಹಿಸುತ್ತೇನೆ. ಪಿಂಡ ಯಾರದ್ದು? ಬದುಕಿರುವವಳಿಗೆ ಮೈದಾನದಲ್ಲೇ ಪಿಂಡ ಇಡುವುದೆ? ಪಿಸ್ತೂಲು ಖಾಲಿ ಮಾಡಿ ಒಪ್ಪಿಸಿ, ಅವನ ಮುಖವನ್ನೂ ನೋಡದೆ ಸ್ಕೂಟರ್ ಹತ್ತಿ ಮನೆಗೆ ಬಂದೆ. ಬಂದವಳೇ ಅತ್ತೆಯ ಮುಂದೆ ಕೂತು ಅತ್ತುಬಿಟ್ಟೆ. "ನೋಡಿ ಅತ್ತೆ, ನನಗೆ ಪಿಂಡ ಅಂದ ಅವನು!"

ಅತ್ತೆ ಆಗಷ್ಟೇ ಹಾಲು ಕರೆಯಲು ಎದ್ದಿದ್ದರು. ಅವನು ಹೇಳಿದ್ದನ್ನು ಪೂರ್ತಿ ಹೇಳು ಎಂದರು. ನೆನಪಿದ್ದಷ್ಟು ಒಪ್ಪಿಸಿದೆ. ಅವರು ಚೆಂಬನ್ನು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಯ್ಯೋ ನಿನ್ನ! ಪಿಂಡ ಅಲ್ಲ ಕಣೇ, ಪಿಂಡಾಲ ಅಂದಿರ್ತಾನೆ. ಲಾಗಕೂಡದು, ಪಿಂಡಾಲ. ಎಳೀಬಾರ್ದು, ಹಿಂಡಬೇಕು ಅಂತ. ನಾವು ಪಾಲು ಪಿಂಡೋದು ಅಂತೀವಲ್ಲ, ಹಾಲು ಕರಿಯೋದು. ಇಷ್ಟು ವರ್ಷ ಈ ಮನೇಲಿ ಕಾಫಿ ಕುಡಿದಿದ್ದೀಯ, ಹಾಲು ಎಲ್ಲಿಂದ ಬತ್ತದೆ ಅಂತ ಕೇಳಲಿಲ್ಲವಲ್ಲೇ ತಾಯಿ!" ಎಂದರು. ಹಾಲಿನ ಕೇಸು ಠಾಣೆಗೆ ಒಂದೂ ಬಂದಿಲ್ಲ, ನನಗೆ ಹೇಗೆ ಗೊತ್ತಾಗಬೇಕು?

ಕೈ ಹಿಡಿದು ಕೊಟ್ಟಿಗೆಗೆ ಎಳೆದೊಯ್ದರು. ನನ್ನ ಕಾನೂನು ಅಲ್ಲಿಗೆ ರದ್ದಾಯಿತು. ಬೆರಳಿಗೆ ಹರಳೆಣ್ಣೆ ಸವರಿ ಗೌರಿಯ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿದರು. ನಾನು ಅಭ್ಯಾಸಬಲದಿಂದ ಎಳೆದೆ. ಗೌರಿ ಒಂದೇ ಒದೆತಕ್ಕೆ ಚೆಂಬನ್ನು ಗೋಡೆಗೆ ಮುಟ್ಟಿಸಿದಳು. "ಎಳೆದ್ರೆ ನೋಯ್ತದೆ, ಒದೀತದೆ. ಉಸಿರು ಬಿಗಿ ಹಿಡೀಬೇಡ. ಮಿಕ್ಕ ಕೈಯೆಲ್ಲ ಸುಮ್ಮನಿರಲಿ. ಮೆಲ್ಲಗೆ ಹಿಂಡ್ತಾ ಹೋಗು, ಯಾವಾಗ ಬತ್ತದೋ ಅಂತ ಕಾಯಬೇಡ, ಅದು ಬಂದಾಗ ಬತ್ತದೆ" ಎಂದರು ಅತ್ತೆ. ಪಿಸ್ತೂಲನ್ನು ಕಣ್ಣಿಂದಲೂ ನೋಡಿರದ ಹೆಂಗಸು, ತರಬೇತಿಯವರು ಚಾರ್ಟು ತೂಗುಹಾಕಿ ಹೇಳಿದ್ದನ್ನೇ ಹೇಳುತ್ತಿದ್ದರು. ಐದನೆಯ ದಿನ ಚುರ್ ಎಂದು ಚೆಂಬಿಗೆ ಮೊದಲ ಧಾರೆ ಬಿತ್ತು. ನನಗಾದ ಸಂತೋಷ ಬಡ್ತಿ ಬಂದಾಗಲೂ ಆಗಿರಲಿಲ್ಲ.

ಬೆಳಿಗ್ಗೆ ಸಂಜೆ ಗೌರಿ, ಮಧ್ಯೆ ವೆಂಕಟರೋಣಪ್ಪ. ಅವನಿಗೆ ಕ್ಷಮೆ ಕೇಳಿದಾಗ ಮೀಸೆ ಒಮ್ಮೆ ಅಲ್ಲಾಡಿತು, ಅಷ್ಟೇ. ಖಾಲಿ ಪಿಸ್ತೂಲಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಹಿಂಡಲು ಹೇಳಿದ. ಮೊದಲ ದಿನ ನಾಣ್ಯ ಬೆಂಚಿನ ಕೆಳಗೇ ಇತ್ತು. ಮೂರನೆಯ ವಾರಕ್ಕೆ ಅದು ಅಲ್ಲೇ ಅಂಟಿಕೊಂಡಂತೆ ಕೂತಿತು.

ಪರೀಕ್ಷೆಯ ದಿನ ನನ್ನ ಸರದಿ ಬಂದಾಗ ಹಿಂದಿನಿಂದ ಯಾರೋ ಟಕಟಕ ಅಂದರು. ನಾನು ಗೌರಿಯನ್ನು ನೆನೆದು, ಉಸಿರು ಬಿಟ್ಟು, ಹಿಂಡಿದೆ. ಹತ್ತು ಸಲ ಹಿಂಡಿದೆ. ಗುರಿಹಲಗೆ ತಂದು ನೋಡಿದರೆ ಒಂಬತ್ತು ತೂತು ಕಪ್ಪು ವೃತ್ತದೊಳಗೆ! ಹತ್ತನೆಯದೂ ಅದರ ಗೆರೆಗೆ ಒರಗಿಕೊಂಡಿತ್ತು. ಟಕಟಕ ನಿಂತಿತು. ಸುಳ್ಳೇಕೆ ಹೇಳಲಿ, ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ.

ಸಾಹೇಬರು ಹಲಗೆಯನ್ನೂ ನನ್ನನ್ನೂ ನೋಡಿ, "ಟ್ರಿಗರಿಗೆ ಏನಾದರೂ ಮಾಡಿಸಿದಿರಾ?" ಎಂದರು. ನನ್ನ ಅರ್ಜಿ ಅವರ ತನಕ ಹೋಗಿತ್ತಲ್ಲ. ಎಲ್ಲರೆದುರಿಗೆ ವೆಂಕಟರೋಣಪ್ಪನ ಕೈಯಲ್ಲಿ ಮತ್ತೆ ತೂಕ ಕಟ್ಟಿಸಿದರು. ಮೊದಲಿದ್ದಷ್ಟೇ ಇತ್ತು, ಗುಲಗಂಜಿಯಷ್ಟೂ ಕಡಿಮೆಯಿಲ್ಲ. "ಭೇಷ್!" ಎಂದರು ಸಾಹೇಬರು. "ಹಾಗಾದರೆ ಆ ಕುದುರೆ ಕಡತಕ್ಕೆ ಷರಾ ನೀವೇ ಬರೆದು ಮುಗಿಸಿಬಿಡಿ." ಮೂರು ಪುಟದ ಅರ್ಜಿಯ ಕೆಳಗೆ, ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದೆ: "ಸದರಿ ಕುದುರೆಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ." ನೆಲ ನೆಟ್ಟಗೇ ಇತ್ತು ಎಂದು ಕುಣಿಯುವವಳೇ ಮಹಜರು ಬರೆದುಕೊಟ್ಟದ್ದು ಬಹುಶಃ ಇದೇ ಮೊದಲು.

ಆ ಗುರಿಹಲಗೆಯ ಕಾಗದವನ್ನು ಸುರುಳಿ ಸುತ್ತಿಕೊಂಡು ಮನೆಗೆ ಬಂದರೆ, ಅತ್ತೆಯ ಸುತ್ತ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಸುದ್ದಿ ನನಗಿಂತ ಮುಂಚೆ ಬಂದಿದೆ ಎಂದು ಹಿಗ್ಗಿ, ನಡಿಗೆ ಅಗಲ ಮಾಡಿಕೊಂಡು ಹತ್ತಿರ ಹೋದೆ. ಅತ್ತೆ ನನ್ನ ಕೈ ಹಿಡಿದು ಮೇಲೆತ್ತಿ ಎಲ್ಲರಿಗೂ ಬೆರಳು ತೋರಿಸಿದರು. ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಹಿಂದೆ ಕಂಡಿರಲಿಲ್ಲ. "ನಮ್ಮ ಪೊಲೀಸು ಸೊಸೆ ಒದೆಸಿಕೊಳ್ದೆ ಹಾಲು ಕರೀತಾಳೆ ಕಣ್ರೇ! ಇನ್ನು ನಂಗೆ ಕೊಟ್ಟಿಗೆ ಚಿಂತೆ ಇಲ್ಲ" ಎಂದರು. ಪಿಸ್ತೂಲು ನನ್ನ ಸೊಂಟದಲ್ಲೇ ಉಳಿಯಿತು, ವರ್ಷಕ್ಕೊಮ್ಮೆ ಪರೀಕ್ಷೆ. ಗೌರಿಯದು ದಿನಕ್ಕೆರಡು.